ಪೇಸ್ ಸಾಹೇಬರು

ಚಾಮರಾಜನಗರದ ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣಕ್ಕೆ ಬೆಳಗಿನ ಐದೂವರೆಗೆ ಬರುವವರಲ್ಲಿ ಮೊದಲು ಮೂರೇ ಪಂಗಡ ಇದ್ದವು. ಡಾಕ್ಟರು ಹೇಳಿದರೆಂದು ನಡೆಯುವವರು, ಹೆಂಡತಿ ಹೇಳಿದಳೆಂದು ನಡೆಯುವವರು, ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು 1600 ಮೀಟರ್ ಓಡುವ ಹಳ್ಳಿ ಹುಡುಗರು. ಈಚೆಗೆ ನಾಲ್ಕನೆಯ ಪಂಗಡವೊಂದು ಹುಟ್ಟಿದೆ. ಇವರು ನಡೆಯುವುದೂ ಇಲ್ಲ, ಓಡುವುದೂ ಇಲ್ಲ, ನಿಂತಿರುತ್ತಾರೆ. ಎಡಗೈಯನ್ನು ಎದೆಮಟ್ಟಕ್ಕೆ ಎತ್ತಿ, ಒಮ್ಮೆ ಮಣಿಕಟ್ಟು ನೋಡಿ, ಒಮ್ಮೆ ಆಕಾಶ ನೋಡಿ, ಮತ್ತೆ ಮಣಿಕಟ್ಟು ನೋಡುತ್ತ ನಿಂತಿರುತ್ತಾರೆ. ಈ ಪಂಗಡದ ಹಿರಿಯರೇ ನಮ್ಮ ಪೇಸ್ ಸಾಹೇಬರು.

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿದೆ. ಅದು ಈಗ ಪಿಂಚಣಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿದೆ. ಎದುರು ಸಿಕ್ಕವರು 'ಚೆನ್ನಾಗಿದ್ದೀರಾ' ಎಂದರೆ 'ಎಂಟೂವರೆ' ಎನ್ನುತ್ತಾರೆ. ಕಿಲೋಮೀಟರಿಗೆ ಎಂಟೂವರೆ ನಿಮಿಷ ಎಂದು ಅದರ ಅರ್ಥ. ಹಾಗಾಗಿ ಪೇಸ್ ಸಾಹೇಬರು.

ಮೊದಮೊದಲು ಅವರು ಹಾಗೆ ನಿಂತದ್ದನ್ನು ಕಂಡು ಟಿವಿಎಸ್ ಮೊಪೆಡ್ಡಿನ ಹಾಲಿನವನು ಗಾಡಿ ನಿಲ್ಲಿಸಿ ವಿಚಾರಿಸಿದ್ದ.

"ಏನ್ ಬುದ್ದಿ, ಕೈ ಎತ್ಕಂಡು ನಿಂತ್ಕಂಡಿದ್ದರಲ್ಲ, ಯಾರ್ಗ ಕಾಯ್ತಿದ್ದರಿ?"

"ಸ್ಯಾಟಲೈಟ್‌ಗೆ."

"ಎಷ್ಟ್ ಬರ್ಬೇಕು?"

"ನಾಲ್ಕು ಬಂದರೆ ಸಾಕು."

"ಅಷ್ಟೇಯಾ! ಬತ್ತವ ಬುಡಿ."

ಅವನು ಹೇಳಿದಂತೆ ಬರುತ್ತವೆ ಕೂಡ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಾವೆಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂದು ಸಾರುತ್ತಲೇ ಇರುತ್ತವೆ. ಕೈಗಡಿಯಾರ ಅವುಗಳಿಗೆ ಏನನ್ನೂ ಹೇಳುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಯಾವ ಉಪಗ್ರಹದ ಮಾತು ಎಷ್ಟು ತಡವಾಗಿ ಬಂತು ಎಂಬುದರಿಂದ ಸಾಹೇಬರು ನಿಂತ ಜಾಗವನ್ನು ಲೆಕ್ಕ ಹಾಕುತ್ತದೆ. ಜಾಗ ಗೊತ್ತುಮಾಡಲು ಮೂರು ಸಾಕು. ಆದರೆ ಉಪಗ್ರಹದೊಳಗೆ ಇರುವುದು ಪರಮಾಣು ಗಡಿಯಾರ, ಸಾಹೇಬರ ಕೈಯಲ್ಲಿರುವುದು ದೀಪಾವಳಿ ರಿಯಾಯಿತಿಯದು. ಇದರ ಟೈಮನ್ನು ತಿದ್ದಲು ನಾಲ್ಕನೆಯದೊಂದು ಬೇಕು. ಸಾಹೇಬರು ಇದನ್ನು 'ಕೋರಂ' ಎನ್ನುತ್ತಾರೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಉಪಗ್ರಹಗಳನ್ನೂ ಸೇರಿಸಿಕೊಂಡರೆ ಕೋರಂ ಬೇಗ ಆಗುತ್ತದೆಂದು ಅಳಿಯ ಹೇಳಿಕೊಟ್ಟ ಮೇಲೆ ಅವನ್ನು ವಿಶೇಷ ಆಹ್ವಾನಿತರಾಗಿ ಕರೆಸಿಕೊಳ್ಳುತ್ತಿದ್ದಾರೆ. ಪಕ್ಕದ ಬೀದಿಯವರು ಬಾರದೆ ಎಷ್ಟೋ ಸಭೆ ಮುಂದಕ್ಕೆ ಹೋಗಿರುವುದನ್ನು ಕಂಡ ನಮಗೆ, ಒಬ್ಬ ನಿವೃತ್ತ ನೌಕರನ ಬೆಳಗಿನ ಓಟಕ್ಕೆ ಮೂರು ಸರ್ಕಾರಗಳ ಉಪಗ್ರಹಗಳು ಹೊತ್ತಿಗೆ ಸರಿಯಾಗಿ ಹಾಜರಾಗುವುದು ಕಂಡು ಸ್ವಲ್ಪ ಹೊಟ್ಟೆಯುರಿ.

ನಿವೃತ್ತಿಗೆ ಮೊದಲು ಸಾಹೇಬರು ಭೂಮಾಪಕರು. ಮಣ್ಣಿನ ಮೇಲೆ ಸರಪಳಿ ಎಳೆದ ತಲೆಮಾರಿನ ಕೊನೆಯವರು. ಮೂವತ್ಮೂರು ಅಡಿಗೆ ಮೂವತ್ಮೂರು ಅಡಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ ಎಂಬುದು ಅವರಿಗೆ ಮಗ್ಗಿಗಿಂತ ಮೊದಲು ಬಂದದ್ದು. ಅಣ್ಣ ತಮ್ಮಂದಿರು ಮಚ್ಚು ಹಿಡಿದು ನಿಂತ ಬದುವಿನ ಮೇಲೆ ಬಾಂದುಕಲ್ಲು ಹುಡುಕಿ, ಹದ್ದುಬಸ್ತು ಮಾಡಿ, ಇಬ್ಬರ ಮನೆಯಲ್ಲೂ ಕಾಫಿ ಕುಡಿದು ಬಂದವರು. ಅಳತೆಯಿಲ್ಲದೆ ಜಗಳ ತೀರುವುದಿಲ್ಲ ಎಂಬುದು ಅವರ ಸೇವಾವಧಿಯ ಸಾರ. ಅಳತೆಯಾದ ಮೇಲೂ ತೀರುವುದಿಲ್ಲ ಎಂಬುದು ಅವರ ಹೆಂಡತಿಯ ಅನುಭವ.

ಅರವತ್ತಕ್ಕೆ ನಿವೃತ್ತಿ, ಅರವತ್ತೂ ಕಾಲಿಗೆ ಸಕ್ಕರೆ ಕಾಯಿಲೆ. ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ಗಡಿಯಾರ ತಂದುಕೊಟ್ಟ. ಸಾಹೇಬರು ಅದನ್ನು ಕಟ್ಟಿಕೊಳ್ಳುವ ಮೊದಲು ಪರೀಕ್ಷೆಗೆ ಒಡ್ಡಿದರು. ಭೂಮಾಪನದಲ್ಲಿ ಉಪಕರಣವನ್ನು ನಂಬಿದವನು ಕೆಟ್ಟ. ಹಳೆಯ ಸಹಾಯಕನೊಬ್ಬನನ್ನು ಕರೆದುಕೊಂಡು ಹೋಗಿ, ಟ್ರ್ಯಾಕಿನ ಒಳಗಂಚಿನಿಂದ ಒಂದಡಿ ಬಿಟ್ಟು, ಸುತ್ತ ಟೇಪು ಹಿಡಿದರು. ನಾನೂರು ಮೀಟರ್. ಗಡಿಯಾರ ಕಟ್ಟಿ ಅದೇ ಸುತ್ತನ್ನು ನಡೆದರು. ನಾನೂರ ಹನ್ನೆರಡು. ಮನೆಗೆ ಬಂದು ಡೈರಿಯಲ್ಲಿ ಷರಾ ಬರೆದರು: 'ಶೇ. 3ರಷ್ಟು ವ್ಯತ್ಯಾಸ ಕಂಡುಬಂದಿದೆ. ಹದ್ದುಬಸ್ತಿಗೆ ಯೋಗ್ಯವಲ್ಲ. ಆರೋಗ್ಯಕ್ಕೆ ಅಡ್ಡಿಯಿಲ್ಲ. ಕಡತ ಮುಕ್ತಾಯಗೊಳಿಸಿದೆ.'

ಕಡತ ಮುಗಿಯಲಿಲ್ಲ ಎಂಬುದು ಬೇರೆ ಮಾತು. ಒಂದು ದಿನ ಅವಸರವಿತ್ತು, ಕೋರಂ ಆಗುವ ಮೊದಲೇ ಓಡಿಬಿಟ್ಟರು. ಮನೆಗೆ ಬಂದು ಫೋನಿನಲ್ಲಿ ನಕ್ಷೆ ಬಿಡಿಸಿದರೆ, ಕೆಂಪು ಗೆರೆ ರಸ್ತೆ ಬಿಟ್ಟು ಎರಡು ಮನೆಗಳ ಅಡುಗೆಮನೆ ಹೊಕ್ಕು, ದೊಡ್ಡರಸನ ಕೊಳದ ನಟ್ಟನಡುವೆ ನೀರಿನ ಮೇಲೆ ನೇರ ಹೋಗಿ, ಆಚೆ ದಡ ಹತ್ತಿತ್ತು. ಕೆರೆಕಟ್ಟೆಗಳ ಒತ್ತುವರಿಯನ್ನು ಅಳೆದು ಗುರುತು ಹಾಕುವುದರಲ್ಲೇ ಸರ್ವೀಸು ಸವೆಸಿದ ಮನುಷ್ಯ. ಈಗ ಅವರದೇ ನಕ್ಷೆಯಲ್ಲಿ ಅವರೇ ಒತ್ತುವರಿದಾರರು! ಅಂದು ಮಧ್ಯಾಹ್ನ ಊಟ ಸರಿಯಾಗಿ ಸೇರಲಿಲ್ಲವಂತೆ. ದಾಖಲೆಯನ್ನು ಅಳಿಸಿಹಾಕಬಹುದಿತ್ತು. ಅಳಿಸಲಿಲ್ಲ. ಸರ್ಕಾರಿ ದಾಖಲೆ ಅಳಿಸಿ ಅಭ್ಯಾಸವಿಲ್ಲ ಎಂದರು.

ದೂರದ ಕತೆ ಹೀಗಾದರೆ ಹೃದಯದ ಕತೆ ಇನ್ನೂ ದೊಡ್ಡದು. ಗಡಿಯಾರದ ಹೊಟ್ಟೆಯಡಿ ಹಸಿರು ದೀಪಗಳಿವೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಎದೆ ಬಡಿದಾಗಲೆಲ್ಲ ಮಣಿಕಟ್ಟಿಗೆ ರಕ್ತ ನುಗ್ಗಿ, ಮರಳಿ ಬರುವ ಬೆಳಕು ಅಷ್ಟು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ. ಸಾಹೇಬರು ಇದನ್ನು ರಾತ್ರಿಯೂ ಬಿಚ್ಚುವುದಿಲ್ಲ. ಕಂಬಳಿಯೊಳಗಿಂದ ಹಸಿರು ಬೆಳಕು ಮಿಣುಕುವುದನ್ನು ಕಂಡು ಅವರ ಹೆಂಡತಿ ಮೊದಲ ರಾತ್ರಿ ಮಾದಪ್ಪನಿಗೆ ಹರಕೆ ಹೊತ್ತರು, ಎರಡನೆಯ ರಾತ್ರಿ ಪಕ್ಕದ ಕೋಣೆಗೆ ಹೋದರು. ಬೆಳಿಗ್ಗೆ ಕಾಫಿ ಕೊಡುತ್ತ "ನಿದ್ದ ಬಂತಾ?" ಎಂದು ಕೇಳಿದರೆ ಸಾಹೇಬರು, "ಇರು, ನೋಡಿ ಹೇಳ್ತೀನಿ" ಎನ್ನುತ್ತಾರೆ. ಗಡಿಯಾರ 54 ಅಂಕ ಕೊಟ್ಟಿದ್ದರೆ ಆಗ ಆಕಳಿಸಲು ಶುರು ಮಾಡುತ್ತಾರೆ.

ನಾಡಿಗೆ ಮೇಲ್ಮಿತಿಯೊಂದುಂಟು. 220ರಲ್ಲಿ ವಯಸ್ಸನ್ನು ಕಳೆ ಎಂಬುದು ಹಳೆಯ ಸೂತ್ರ. ಅರವತ್ತೆರಡರ ಸಾಹೇಬರಿಗೆ 158 ಬಂತು. ಕಡಿಮೆಯಾಯಿತೆಂದು ಬೇಸರ. ಹುಡುಕಿದಾಗ 2001ರಲ್ಲಿ ತನಾಕಾ ಎಂಬವರೂ ಜತೆಗಾರರೂ ಪ್ರಕಟಿಸಿದ ಇನ್ನೊಂದು ಸೂತ್ರ ಸಿಕ್ಕಿತು: ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಲ್ಲಿ ಕಳೆಯಬೇಕು. ಈಗ ಹತ್ತಿರಹತ್ತಿರ 165. ಒಂದೇ ಜಮೀನಿಗೆ ಎರಡು ದಾಖಲೆಗಳಿದ್ದರೆ ಯಾವುದನ್ನು ಎತ್ತಿಹಿಡಿಯಬೇಕೆಂದು ಭೂಮಾಪಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಳು ಬಡಿತ ಹೆಚ್ಚುವರಿ ಮಂಜೂರಾಯಿತು.

ಆದರೂ ಜೋನ್ ಎರಡು ದಕ್ಕಲಿಲ್ಲ. ಓಟದ ಪಂಡಿತರು ನಾಡಿಯನ್ನು ಐದು ಜೋನುಗಳಾಗಿ ಪೋಡಿ ಮಾಡಿದ್ದಾರೆ. ಗರಿಷ್ಠದ ನೂರರಲ್ಲಿ ಅರವತ್ತರಿಂದ ಎಪ್ಪತ್ತರವರೆಗಿನದು ಎರಡನೆಯ ಜೋನ್. ಆಯಾಸವಿಲ್ಲದೆ, ಮಾತಾಡುತ್ತ ಓಡುವ ಹದ. ಬಹುಪಾಲು ಓಟ ಅದರಲ್ಲೇ ಇರಬೇಕೆಂದು ಅವರ ಶಾಸ್ತ್ರ. ಸಾಹೇಬರು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೂರನೆಯದನ್ನು ದಾಟಿರುತ್ತಾರೆ. ಗಡಿಯಾರ ಗುರ್ ಎನ್ನುತ್ತದೆ. ನಿಧಾನಿಸುತ್ತಾರೆ. ಮತ್ತೆ ಗುರ್. ಇನ್ನೂ ನಿಧಾನಿಸುತ್ತಾರೆ. ಬಿ. ರಾಚಯ್ಯ ಜೋಡಿ ರಸ್ತೆಯಲ್ಲಿ ಸಂಪೂರ್ಣ ಓಟದ ಉಡುಪಿನಲ್ಲಿ, ಓಡುವ ಭಂಗಿಯಲ್ಲೇ, ಹೆಚ್ಚುಕಡಿಮೆ ನಿಂತಲ್ಲೇ ಇರುವ ಮನುಷ್ಯರೊಬ್ಬರನ್ನು ತಳ್ಳುಗಾಡಿಯ ಸೊಪ್ಪಿನವಳು ಹಿಂದಿಕ್ಕಿ, ತಿರುಗಿ ನೋಡಿ, "ಬುದ್ದಿ, ಮಂಡಿ ನೋವಾ?" ಎಂದು ಕೇಳಿದಳೆಂದರೆ ಆ ದಿನ ಜೋನ್ ಎರಡು ಸಿಕ್ಕಿದೆ ಎಂದೇ ತಿಳಿಯಬೇಕು.

ಮರಿಯಾಲದ ಕಡೆಗೆ ಓಡಿದ ದಿನದ ಗಲಾಟೆ ಊರಿಗೆಲ್ಲ ಗೊತ್ತು. ಸ್ವಲ್ಪ ಜೋರಾಗಿಯೇ ಹೋಗುತ್ತಿದ್ದರು, ಗಡಿಯಾರ ನೋಡಿದರೆ ನಾಡಿ 172. ಮಂಜೂರಾದದ್ದೇ 165! ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕುಸಿದು, ಹೆಂಡತಿಗೆ ಫೋನು ಮಾಡಿ, ಬ್ಯಾಂಕ್ ಪಾಸ್‌ಪುಸ್ತಕ ಎಲ್ಲಿದೆ ಎಂದು ತಿಳಿಸಿದರು. ಆಟೋ ಬಂತು. ಹಳೆಯ ಡಾಕ್ಟರು ಮುಳ್ಳಿನ ವಾಚು ನೋಡುತ್ತ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿದರು. ಇಪ್ಪತ್ನಾಲ್ಕು. ನಾಲ್ಕರಿಂದ ಗುಣಿಸಿದರೆ 96.

"ಹಾಗಾದರೆ ಆ 172 ಯಾರದು?"

"ನಿಮ್ಮ ಕಾಲಿನದು" ಎಂದರು ಡಾಕ್ಟರು.

ಪಟ್ಟಿ ಸಡಿಲವಿದ್ದರೆ ಪ್ರತಿ ಹೆಜ್ಜೆಗೂ ಗಡಿಯಾರ ಕುಣಿಯುತ್ತದೆ. ಬೆಳಕು ಆ ಕುಣಿತಕ್ಕೇ ಏರಿಳಿದು, ನಿಮಿಷಕ್ಕೆಷ್ಟು ಹೆಜ್ಜೆಯೋ ಅಷ್ಟನ್ನೇ ನಾಡಿ ಎಂದು ಬರೆದುಕೊಳ್ಳುತ್ತದೆ. ಓಟಗಾರರ ಲೋಕದಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಸಾಹೇಬರ ಹೆಂಡತಿ ಮಾತ್ರ ಬಹಳ ದಿನ ಬಿಡಲಿಲ್ಲ. "ಎದ ಯಾವ್ದು ಕಾಲ್ ಯಾವ್ದು ಅಂತ ಗೊತ್ತಿಲ್ದೇ ಇರದು ನನ್ ನಿದ್ದ ಲೆಕ್ಕ ಕೇಳ್ತದಂತ" ಎಂದು ಬೀದಿಯ ನಲ್ಲಿಯ ಹತ್ತಿರವೂ ಹೇಳಿದರು. ಅಳಿಯ ಈ ಬಾರಿ ಎದೆಗೆ ಕಟ್ಟುವ ಪಟ್ಟಿ ಕಳಿಸಿದ. ಅದು ಬೆಳಕಿನ ಗೊಡವೆಗೆ ಹೋಗುವುದಿಲ್ಲ, ಹೃದಯದ ವಿದ್ಯುತ್ತನ್ನೇ ನೇರ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ತಂತಿಯಿಲ್ಲದ ನಾಡಿಮಾಪಕವನ್ನು ಓಟಗಾರರಿಗೆ ಮಾರಿತ್ತು. ಗಾರ್ಮಿನ್ನಿನವರ ಜಿಪಿಎಸ್ ಕೈಗಡಿಯಾರ ಓಟಗಾರರಿಗೆ ಬಂದದ್ದು 2003ರಲ್ಲಿ. ಎರಡೂ ಸೇರಿ ಚಾಮರಾಜನಗರದ ಬನಿಯನ್ನಿನೊಳಗೆ ಕೂರಲು ಇಷ್ಟು ಕಾಲ ಹಿಡಿಯಿತು.

ನಾಯಿ ಪ್ರಸಂಗವನ್ನು ಬಿಟ್ಟುಬಿಡುತ್ತೇನೆ. ಪ್ರತಿ ಓಟಗಾರನ ಅತ್ಯುತ್ತಮ ವೇಗದ ಹಿಂದೆ ಒಂದು ನಾಯಿ ಇದ್ದೇ ಇರುತ್ತದೆ.

ಗಡಿಯಾರದ ಸ್ವಭಾವದಲ್ಲಿ ನಮ್ಮೂರಿಗೆ ತೀರ ಒಗ್ಗಿದ್ದು ಒಂದಿದೆ. ಬಹಳ ಹೊತ್ತು ಕುಳಿತಿದ್ದರೆ ನಡುಗಿ, 'ಏಳಿ' ಎಂದು ಎಚ್ಚರಿಸುತ್ತದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ ಎಂಬ ಮೂಢನಂಬಿಕೆಯಿಂದ ಎಷ್ಟೋ ವರ್ಷ ದೊಡ್ಡವರು ಈ ಕಡೆ ತಲೆಹಾಕಿ ಮಲಗಲಿಲ್ಲ. ಸಿದ್ದರಾಮಯ್ಯನವರು ಮೇಲಿಂದ ಮೇಲೆ ಬಂದು, 2013ರಿಂದ ಐದು ವರ್ಷ ಪೂರ್ತಿ ಕುಳಿತು ತೋರಿಸಿದರು. ಅವರ ಕೈಯಲ್ಲಿ ಈ ಗಡಿಯಾರ ಇರಲಿಲ್ಲ, ಅದಕ್ಕೇ ಸಾಧ್ಯವಾಯಿತು ಎಂಬುದು ಸಾಹೇಬರ ವಿಶ್ಲೇಷಣೆ. ಸಾಹೇಬರಂತೂ ತಿಥಿ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಎದ್ದು ನಿಂತು, ಎಲೆಯ ಸುತ್ತ ಎರಡು ಹೆಜ್ಜೆ ಹಾಕಿ ಮತ್ತೆ ಕುಳಿತದ್ದನ್ನು ನಾನೇ ಕಂಡಿದ್ದೇನೆ.

ಸಂಜೆ ಹತ್ತು ಸಾವಿರ ಹೆಜ್ಜೆ ತುಂಬದಿದ್ದರೆ ಚಾಮರಾಜೇಶ್ವರ ದೇವಸ್ಥಾನಕ್ಕೆ ಹೋಗಿ ಪ್ರದಕ್ಷಿಣೆ ಹಾಕುತ್ತಾರೆ. ಹತ್ತು ಸಾವಿರದ ಲೆಕ್ಕ ಯಾವ ವೈದ್ಯಶಾಸ್ತ್ರದ್ದೂ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆ ಯಂತ್ರವೊಂದಕ್ಕೆ ಇಟ್ಟ ಹೆಸರು ಅದು ಎಂದು ಮಗಳು ಹೇಳಿದಳು. ಕೇಳಿಸಿಕೊಳ್ಳಲಿಲ್ಲ. ಅರ್ಚಕರಿಗೆ ಮಾತ್ರ ಬಹಳ ಸಂತೋಷ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಗುಡಿ, ಇಷ್ಟು ಸುತ್ತು ಬಂದ ಭಕ್ತ ಇನ್ನೊಬ್ಬನಿಲ್ಲ ಎಂದು ಮಂಗಳಾರತಿ ತಟ್ಟೆಯನ್ನು ಮೊದಲು ಇವರಿಗೇ ಹಿಡಿಯುತ್ತಾರೆ. ಆಷಾಢದ ತೇರಿನ ದಿನವೂ ಗಡಿಯಾರ ಕೈಯಲ್ಲೇ. ನವದಂಪತಿಗಳು ಹಣ್ಣು ಜವನ ಎಸೆಯುವ ಆ ನೂಕುನುಗ್ಗಲಿನಲ್ಲಿ ಹಗ್ಗ ಹಿಡಿದ ಸಾಹೇಬರು, ಓಟ, ಈಜು, ಸೈಕಲ್, ಹಿಮದಲ್ಲಿ ಜಾರುವುದು ಇಷ್ಟೆಲ್ಲ ಇರುವ ಪಟ್ಟಿಯಲ್ಲಿ ತೇರು ಎಳೆಯುವುದು ಇಲ್ಲವೆಂದು ನೊಂದುಕೊಂಡರು. ಕೊನೆಗೆ 'ಇತರೆ' ಎಂದು ದಾಖಲಿಸಿದರು. ದಕ್ಷಿಣೆ ಹಾಕಿದ್ದು ಅದರಲ್ಲಿ ಸೇರಿಲ್ಲ.

ಇಷ್ಟೇ ಆಗಿದ್ದರೆ ಒಂದು ಊರಿನ ಕತೆ. ಅಳಿಯ ಒಂದು ತಪ್ಪು ಮಾಡಿದ್ದ. ಎರಡು ಕೊಂಡರೆ ರಿಯಾಯಿತಿ ಹೆಚ್ಚೆಂದು ತನ್ನಪ್ಪನಿಗೂ ಅದೇ ಗಡಿಯಾರ ತಂದಿದ್ದ. ಅವನಪ್ಪ ಗುಂಡ್ಲುಪೇಟೆಯ ಬಾಳೆಕಾಯಿ ಮಂಡಿಯವರು, ಕೇರಳಕ್ಕೆ ನೇಂದ್ರಬಾಳೆ ಕಳಿಸುವವರು, ಸಾಹೇಬರ ಬೀಗರು. ಬೀಗರ ನಡುವೆ ಮದುವೆಯಲ್ಲಿ ಉಳಿದುಹೋದ ಲೆಕ್ಕಗಳೆಲ್ಲ ಈಗ ಪ್ರತಿ ಭಾನುವಾರ ರಾತ್ರಿ ಫೋನಿನ ಪರದೆಯ ಮೇಲೆ ವಾರದ ಕಿಲೋಮೀಟರುಗಳಾಗಿ ತೀರುತ್ತವೆ.

ಮಂಡಿಯವರ ಓಟದ ಧಾಟಿಯೇ ಬೇರೆ. ಹಂಗಳದ ಕಡೆಗೆ ಊಟಿ ರಸ್ತೆಯಲ್ಲಿ ಓಡುತ್ತಾರೆ. ಮುಂಗಾರು ಹಿಡಿದ ಮೇಲೆ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಬಂಡೀಪುರದ ಕಾಡುರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದಲ್ಲ, ಗೇಟು ತೆರೆದದ್ದೇ ಆಚೆಯ ಕಾರುಗಳು ಸಾಲಾಗಿ ಬಂದು ಹೂವಿನ ಹೊಲದ ಬಳಿ ನಿಲ್ಲುತ್ತವೆ. ಹೊಲಕ್ಕಿಳಿದು ಫೋಟೋ ತೆಗೆಸಿಕೊಳ್ಳುವವರಿಂದ ರೈತರು ಕಾಸು ಪಡೆಯುವುದೂ ಉಂಟು. ಮಂಡಿಯವರು ಅಂಥ ಫೋಟೋಗಳ ಹಿನ್ನೆಲೆಯಲ್ಲಿ ಕಿತ್ತಳೆ ಬಣ್ಣದ ಟೀ ಶರ್ಟು ತೊಟ್ಟು ಎಷ್ಟು ಸಲ ಬಿದ್ದಿದ್ದಾರೆಂದರೆ, ಕೋಳಿಕ್ಕೋಡಿನ ಎಷ್ಟೋ ಮನೆಗಳ ಆಲ್ಬಮಿನಲ್ಲಿ ಅವರು ಈಗ ಕುಟುಂಬ ಸದಸ್ಯರು.

ವ್ಯಾಪಾರಸ್ಥರಿಗೆ ತೂಕದಲ್ಲಿ ಒಂದು ಕೈ ಹೆಚ್ಚೇ. ಒಂದು ಶನಿವಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದರು. 1454 ಮೀಟರ್ ಎತ್ತರದ ಬೆಟ್ಟ, ಆನೆ ಹುಲಿಗಳ ಜಾಗ. ಖಾಸಗಿ ವಾಹನ ಬುಡದಲ್ಲೇ ನಿಲ್ಲಬೇಕು, ಅಲ್ಲಿಂದ ಸಾರಿಗೆ ನಿಗಮದ ಬಸ್ಸು. ಬುಡದಲ್ಲಿ ಸ್ವಲ್ಪ ಓಡಾಡಿ, ಗಡಿಯಾರ ನಿಲ್ಲಿಸದೆ ಬಸ್ಸು ಹತ್ತಿದರು. ಮರೆವೋ, ಮರೆವಿನಂಥದ್ದೋ, ನಾನು ಹೇಳಲಾರೆ. ಭಾನುವಾರ ಚಾಮರಾಜನಗರದಲ್ಲಿ ಫೋನು ತೆರೆದ ಸಾಹೇಬರಿಗೆ ಬೀಗರು ಕಿಲೋಮೀಟರಿಗೆ 2 ನಿಮಿಷ 24 ಸೆಕೆಂಡಿನ ಪೇಸಿನಲ್ಲಿ ಬೆಟ್ಟ ಏರಿದ್ದು ಕಾಣಿಸಿತು. ಕೆಲ್ವಿನ್ ಕಿಪ್ಟುಮ್ 2023ರಲ್ಲಿ ಷಿಕಾಗೊದಲ್ಲಿ ಮ್ಯಾರಥಾನ್ ವಿಶ್ವದಾಖಲೆ ಮಾಡಿದಾಗ ಓಡಿದ್ದೂ ಸರಾಸರಿ 2 ನಿಮಿಷ 51 ಸೆಕೆಂಡಿನಲ್ಲಿ, ಅದೂ ಸಪಾಟು ರಸ್ತೆಯಲ್ಲಿ.

ಸಾಹೇಬರು ಫೋನು ಮಾಡಿದರು. "ಬೀಗರೇ, ವೇಗ ಗಂಟೆಗೆ 25 ಕಿಲೋಮೀಟರ್. ನಾಡಿ 78. ನನಗೆ ಚಪ್ಪಲಿ ಹುಡುಕುವಾಗ ಅದಕ್ಕಿಂತ ಹೆಚ್ಚಿರುತ್ತದೆ."

"ಅದು ಸ್ವಾಮಿ ದಯೆ ಬೀಗರೇ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿಗೆ ಓಡಲಿಲ್ಲವಾ?"

"ಅವರನ್ನು ಎಳೆದದ್ದು ಕೋಣ. ನಿಮ್ಮನ್ನು ಎಳೆದದ್ದು ಡೀಸೆಲ್."

ಎರಡು ವಾರ ಮಾತಿರಲಿಲ್ಲ. ರಾಜಿಗೆ ಇಬ್ಬರೂ ನಡುದಾರಿಯಲ್ಲಿ ಸೇರೋಣವೆಂದು ಮಂಡಿಯವರು ತೆರಕಣಾಂಬಿಯನ್ನು ಸೂಚಿಸಿದರು. ತೆರಕಣಾಂಬಿ ಗುಂಡ್ಲುಪೇಟೆಗೆ ಹತ್ತಿರ, ಚಾಮರಾಜನಗರಕ್ಕೆ ಅದರ ದುಪ್ಪಟ್ಟು ದೂರ ಎಂಬುದು ಬಸ್ಸಿನ ಕಂಡಕ್ಟರಿಗೂ ಗೊತ್ತು. ಭೂಮಾಪಕರ ಎದುರು ಹೇಳುವ ಮಾತೇ? ಮತ್ತೆ ಎರಡು ವಾರ.

ಕೊನೆಗೆ ಸೇರಿಸಿದವನು ಮೊಮ್ಮಗ. ನಾಮಕರಣ ಗುಂಡ್ಲುಪೇಟೆಯಲ್ಲಿ, ಶಾಮಿಯಾನ, ಬಾಳೆಕಂಬಕ್ಕಂತೂ ಕೊರತೆಯಿಲ್ಲ. ಊಟ ಮುಗಿದು ಹೆಂಗಸರೆಲ್ಲ ಎಲೆಯಡಿಕೆಗೆ ಕುಳಿತ ಹೊತ್ತಿಗೆ ಇಬ್ಬರು ಅಜ್ಜಂದಿರೂ ತೊಟ್ಟಿಲ ಆಚೀಚೆ. ಸಾಹೇಬರು ತಮ್ಮ ಗಡಿಯಾರ ಬಿಚ್ಚಿ ಮಲಗಿದ್ದ ಕೂಸಿನ ತೊಡೆಗೆ ಮೆಲ್ಲಗೆ ಸುತ್ತಿದರು. ಹಸಿರು ದೀಪ ಮಿಣುಕಿ ಅಂಕಿ ಬಂತು. 138.

"ಮಲಗಿದ್ದಾನೆ, 138!" ಎಂದರು ಮಂಡಿಯವರು ಗಾಬರಿಯಿಂದ. "ಜೋನ್ ನಾಲ್ಕಲ್ಲವಾ ಇದು?"

ಹಸುಗೂಸಿಗೆ ಅದು ಸಹಜ ನಾಡಿ ಎಂದು ಮಗಳು ಅಡುಗೆಮನೆಯಿಂದಲೇ ಕೂಗಿದಳು. ಸಾಹೇಬರು ಆಗಲೇ ಲೆಕ್ಕಕ್ಕಿಳಿದಿದ್ದರು. 220ರಲ್ಲಿ ವಯಸ್ಸು ಕಳೆಯಬೇಕು. ವಯಸ್ಸು ಸೊನ್ನೆ. ಗರಿಷ್ಠ 220. ಅದರಲ್ಲಿ 138 ಅಂದರೆ ಶೇ. 63. ತನಾಕಾ ಸೂತ್ರದಲ್ಲೂ ಶೇ. 66. ಪೆನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು: "ಎರಡೂ ದಾಖಲೆ ಪ್ರಕಾರ ಜೋನ್ ಎರಡು. ಹುಟ್ಟಿನಿಂದ."

"ನಮ್ಮ ಕಡೆಯ ರಕ್ತ" ಎಂದರು ಮಂಡಿಯವರು.

"ಅಳೆದದ್ದು ನಮ್ಮ ಗಡಿಯಾರ" ಎಂದರು ಸಾಹೇಬರು.

ರಕ್ತ ಯಾರದು, ಗಡಿಯಾರ ಯಾರದು ಎಂಬ ವಾದ ಕಾಫಿ ಬರುವವರೆಗೆ ನಡೆಯಿತು. ಅಷ್ಟೂ ಹೊತ್ತು ಗಡಿಯಾರ ಕೂಸಿನ ತೊಡೆಯಲ್ಲೇ ಇತ್ತು, ಕೂಸಿನ ನಾಡಿಯನ್ನೆಲ್ಲ ಸಾಹೇಬರ ಖಾತೆಗೆ ಜಮಾ ಮಾಡುತ್ತಿತ್ತು. ಅರವತ್ತೆರಡು ವರ್ಷದ ವ್ಯಕ್ತಿಯೊಬ್ಬ ಮಧ್ಯಾಹ್ನವಿಡೀ ಅಲುಗಾಡದೆ ಮಲಗಿ ಎದೆಯನ್ನು 138ರಲ್ಲಿ ಬಡಿಸಿಕೊಂಡದ್ದನ್ನು ಕಂಡು ಅದು ತನಗೆ ತಿಳಿದ ತೀರ್ಮಾನಕ್ಕೇ ಬಂತು. ಮಾರನೆಯ ಬೆಳಿಗ್ಗೆ ಐದೂವರೆಗೆ ಸಾಹೇಬರು ಕ್ರೀಡಾಂಗಣದಲ್ಲಿ ಕೈ ಎತ್ತಿ ನಿಂತಾಗ ಪರದೆಯ ಮೇಲೆ ಬರೆದಿತ್ತು: ಎಪ್ಪತ್ತೆರಡು ಗಂಟೆ ಕಡ್ಡಾಯ ವಿಶ್ರಾಂತಿ.

ಸಾಹೇಬರಿಗೆ ಆದೇಶ ಉಲ್ಲಂಘಿಸಿ ಅಭ್ಯಾಸವಿಲ್ಲ. ಮೂರು ದಿನ ಮನೆಯಲ್ಲೇ ಉಳಿದರು, ಗಡಿಯಾರ 'ಏಳಿ' ಎಂದಾಗ ಮಾತ್ರ ಎದ್ದರು. ಅದೇ ಮೂರು ದಿನ ಗುಂಡ್ಲುಪೇಟೆಯ ಮಂಡಿಯವರು, ಬಸ್ಸಿನ ನೆರವಿಲ್ಲದೆ, ಹಂಗಳದ ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರ್ ಮುಂದೆ ಹೋದರು.